ಮನೆಗೆ ಕಷ್ಟ ಬಂದಾಗ ಯಾರ ಹತ್ತಿರ ಹೋಗಬೇಕು? ಕೊಪ್ಪಳ ಸೀಮೆಯ ಹಳ್ಳಿಯವರಿಗೆ

ನಮ್ಮ ಯಲಬುರ್ಗಾ, ಕುಷ್ಟಗಿ ಕಡೆ ಮಳೆಗೆ ಬರ ಬರಬಹುದು, ಸರ್ಕಾರದ ಯೋಜನೆಗಳಿಗೆ ಮಾತ್ರ ಬರ ಇಲ್ಲ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ, ಪಂಚಾಯಿತಿ ಬಾಗಿಲಲ್ಲಿ, ವಾಟ್ಸಾಪಿನಲ್ಲಿ ಎಲ್ಲಿ ನೋಡಿದರೂ ಒಂದೊಂದು ಹೆಸರು. ಆದರೆ ಗಂಡ ತೀರಿಕೊಂಡ ಹೆಣ್ಣುಮಗಳು ನಾಳೆ ಬೆಳಿಗ್ಗೆ ಯಾವ ಆಫೀಸಿಗೆ ಹೋಗಬೇಕು, ಯಾರನ್ನು ಕೇಳಬೇಕು, ಕೈಯಲ್ಲಿ ಏನು ಹಿಡಿದುಕೊಂಡು ಹೋಗಬೇಕು ಅನ್ನುವುದನ್ನು ಆ ಗೋಡೆ ಹೇಳುವುದಿಲ್ಲ. ಹಾಗಾಗಿ ಇಲ್ಲಿ ಯೋಜನೆಗಳ ಪಟ್ಟಿ ಕೊಡುತ್ತಿಲ್ಲ. ಮನೆಯಲ್ಲಿ ಏನಾಯಿತು ಅನ್ನುವುದರಿಂದ ಶುರು ಮಾಡಿ, ಯಾರ ಹತ್ತಿರ ಹೋಗಬೇಕು ಅಂತ ಹೇಳುತ್ತೇನೆ. ಊರಲ್ಲಿ ನಾಲ್ಕು ಅಕ್ಷರ ಬಲ್ಲವರು, ಕೈಯಲ್ಲಿ ಸ್ಮಾರ್ಟ್‌ಫೋನ್ ಇರುವವರು, "ತಮ್ಮಾ, ಈ ಕಾಗದದಾಗ ಏನ್ ಐತಿ ನೋಡಪಾ" ಅಂತ ಯಾರ ಹತ್ತಿರ ಹಿರಿಯರು ಬರುತ್ತಾರೋ ಅವರಿಗಾಗಿ ಇದು. ಕೊಪ್ಪಳದ ಲೆಕ್ಕದಲ್ಲಿ ಬರೆದಿದ್ದರೂ ರಾಯಚೂರು, ಬಳ್ಳಾರಿಗೂ ಹೆಚ್ಚುಕಡಿಮೆ ಇದೇ ದಾರಿ.

ಊರೊಳಗಿನ ಐದು ಜನ

ಕೊಪ್ಪಳದ ಜಿಲ್ಲಾಡಳಿತ ಭವನಕ್ಕೆ ಓಡುವ ಮೊದಲು ಊರಲ್ಲೇ ಇರುವ ಐದು ಜನರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಅರ್ಧ ಕೆಲಸ ಇವರ ಹತ್ತಿರವೇ ಮುಗಿಯುತ್ತದೆ. ಉಳಿದ ಅರ್ಧಕ್ಕೂ ಮೇಲಿನ ಆಫೀಸಿನವರು ಕಡೆಗೆ ಇವರನ್ನೇ ಕೇಳುವುದು.

ಅಂಗನವಾಡಿ ಟೀಚರ್ ಮೊದಲನೆಯವರು. ಅವರನ್ನು ಸುಮ್ನೆ ಮಕ್ಕಳಿಗೆ ಊಟ ಹಾಕುವವರು ಅಂದುಕೊಳ್ಳಬೇಡಿ. ಬಸುರಿ, ಬಾಣಂತಿ, ಆರು ವರ್ಷದೊಳಗಿನ ಮಕ್ಕಳು, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ, ಇವೆಲ್ಲ ಬರುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ. ಆ ಇಲಾಖೆಗೆ ನಿಮ್ಮ ಊರಲ್ಲಿರುವ ಬಾಗಿಲು ಇವರೇ. ಇವರ ಮೇಲೆ ಸೂಪರ್‌ವೈಸರ್, ಅವರ ಮೇಲೆ ತಾಲೂಕಿನಲ್ಲಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಎರಡನೆಯವರು ಆಶಾ, ಊರಿನ ಆರೋಗ್ಯ ಕಾರ್ಯಕರ್ತೆ. ಆಸ್ಪತ್ರೆಗೆ ಸಂಬಂಧಪಟ್ಟ ಏನೇ ಇರಲಿ, ಯಾವ ದಿನ ಯಾವ ಡಾಕ್ಟರು ಬರುತ್ತಾರೆ ಅನ್ನುವುದರವರೆಗೆ ಅವರಿಗೆ ಗೊತ್ತಿರುತ್ತದೆ. ಮೂರನೆಯವರು ಗ್ರಾಮ ಆಡಳಿತ ಅಧಿಕಾರಿ, ಅಂದರೆ ಮೊದಲು ವಿ.ಎ. ಅನ್ನುತ್ತಿದ್ದ ಗ್ರಾಮ ಲೆಕ್ಕಿಗರು. ಪಗಾರ (ಪಿಂಚಣಿಗೆ ನಮ್ಮ ಕಡೆ ಹೀಗನ್ನುತ್ತಾರೆ), ಆದಾಯ-ಜಾತಿ ಪತ್ರ, ವಂಶವೃಕ್ಷ, ಬೆಳೆ ಪರಿಹಾರ ಎಲ್ಲಾ ಅವರ ವರದಿ ಮೇಲೆಯೇ ನಿಂತಿದೆ. ನಾಲ್ಕನೆಯವರು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಮನೆ, ನೀರು, ಉದ್ಯೋಗ ಖಾತ್ರಿ ಕೆಲಸ ಅವರದ್ದು.

ಐದನೆಯವರನ್ನು ಬಹಳ ಜನ ಮರೆಯುತ್ತಾರೆ. ಪ್ರತಿ ಪಂಚಾಯಿತಿಗೆ ಒಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿ.ಆರ್.ಡಬ್ಲ್ಯು. ಅನ್ನುತ್ತಾರೆ. ಅಂಗವಿಕಲರ ಕೆಲಸ ಅವರದ್ದು, ಬಹುಪಾಲು ಅವರೂ ಅಂಗವಿಕಲರೇ. ಪಂಚಾಯಿತಿಗೆ ಹೋಗಿ "ವಿ.ಆರ್.ಡಬ್ಲ್ಯು. ಯಾರ್ರೀ?" ಅಂತ ಕೇಳಿದರೆ ತೋರಿಸುತ್ತಾರೆ.

ಸಂಜೀವಿನಿ ಮಹಿಳಾ ಸ್ವಸಹಾಯ ಸಂಘದ ಅಕ್ಕಂದಿರೂ ಇದ್ದಾರೆ. ಲೆಕ್ಕ ಬರೆಯುವ ಒಬ್ಬ ಚುರುಕಾದ ಅಕ್ಕ ಸಂಘದಲ್ಲಿದ್ದರೆ, ಯಾವ ಮನೆಯಲ್ಲಿ ಏನು ಕಷ್ಟ ಇದೆ ಅನ್ನುವುದು ಆಫೀಸಿನವರಿಗಿಂತ ಮೊದಲು ಅವರಿಗೆ ಗೊತ್ತು.

ಕಾಗದ ಸರಿಯಾಗದೆ ಏನೂ ಸರಿಯಾಗುವುದಿಲ್ಲ

ಹಣ ಯಾಕೆ ಬರಲಿಲ್ಲ ಅಂತ ಹುಡುಕುತ್ತಾ ಹೋದರೆ, ಎಷ್ಟೋ ಸಲ ಕೊನೆಗೆ ಸಿಗುವುದು ಆಧಾರ್ ಇಲ್ಲವೇ ಬ್ಯಾಂಕಿನ ತೊಡಕು. ಯೋಜನೆ ತಪ್ಪಲ್ಲ, ಅಧಿಕಾರಿ ತಪ್ಪೂ ಅಲ್ಲ. ಹುಲಿಗೆವ್ವ ಅಂತ ರೇಷನ್ ಕಾರ್ಡಲ್ಲಿ, ಹುಲಿಗೆಮ್ಮ ಅಂತ ಆಧಾರಲ್ಲಿ, ಬ್ಯಾಂಕಿನಲ್ಲಿ ಗಂಡನ ಹೆಸರೂ ಅಡ್ಡಹೆಸರೂ ಸೇರಿ ಇನ್ನೊಂದು. ಕಂಪ್ಯೂಟರ್ ಪಾಲಿಗೆ ಇವರು ಮೂರು ಜನ. ಯಾವ ಅರ್ಜಿ ಹಾಕುವ ಮುಂಚೆಯೂ ಈ ಮೂರನ್ನು ಒಂದರ ಪಕ್ಕ ಒಂದು ಇಟ್ಟು ಅಕ್ಷರ ಅಕ್ಷರ ಓದಿ.

ವಯಸ್ಸಿನದ್ದು ಇನ್ನೂ ದೊಡ್ಡ ತಲೆನೋವು. ಮೊದಲ ಸಲ ಆಧಾರ್ ಮಾಡಿಸಿದಾಗ ಹಿರಿಯರ ವಯಸ್ಸನ್ನು ಅಂದಾಜಿನಲ್ಲಿ ಬರೆದಿರುತ್ತಾರೆ, ಜನವರಿ ಒಂದು ಅಂತ ಹುಟ್ಟಿದ ದಿನ ಹಾಕಿ. ನೋಡಿದರೆ ಎಪ್ಪತ್ತು ಕಾಣುವ ಕಾಕಾನಿಗೆ ಕಾರ್ಡಿನಲ್ಲಿ 57. ಆಧಾರಿನಲ್ಲಿ ಹುಟ್ಟಿದ ದಿನ ತಿದ್ದಲು ಒಂದೇ ಅವಕಾಶ. ಹೆಸರು ತಿದ್ದಲು ಎರಡು. ಆದ್ದರಿಂದ ಮೊದಲು ಗಟ್ಟಿ ದಾಖಲೆ ಕೈಗೆ ಬರಲಿ, ಆಮೇಲೆ ಆಧಾರ್ ಸೆಂಟರಿಗೆ ಹೋಗಿ. ಅವಸರದಲ್ಲಿ ತಿದ್ದಿಸಿ ಮತ್ತೆ ತಪ್ಪಾದರೆ ಬಿಡಿಸುವುದು ಬಹಳ ಕಷ್ಟ.

ಇನ್ನು ಬ್ಯಾಂಕ್. ಈಗ ಬಹುಪಾಲು ಹಣ ಬರುವುದು ಅಕೌಂಟ್ ನಂಬರ್ ನೋಡಿ ಅಲ್ಲ, ಆಧಾರ್ ನೋಡಿ. ಒಬ್ಬರಿಗೆ ನಾಲ್ಕು ಬ್ಯಾಂಕಿನಲ್ಲಿ ಖಾತೆ ಇದ್ದರೂ ಹಣ ಬೀಳುವುದು ಒಂದರಲ್ಲಿ ಮಾತ್ರ, ಕೊನೆಗೆ ಯಾವುದನ್ನು ಎನ್‌ಪಿಸಿಐಗೆ (ಆಧಾರ್ ನೋಡಿ ಹಣ ಯಾವ ಬ್ಯಾಂಕಿಗೆ ಅಂತ ತೋರಿಸುವ ಸಂಸ್ಥೆ) ಜೋಡಿಸಿದ್ದಾರೋ ಅದರಲ್ಲಿ. ಸಂತೆಯಲ್ಲಿ ಯಾರೋ ಕೊಡೆ ಹಾಕಿಕೊಂಡು ಕುಳಿತು "ಫ್ರೀ ಅಕೌಂಟ್" ಮಾಡಿಕೊಟ್ಟಿರುತ್ತಾರೆ, ಅಜ್ಜಿ ಹೆಬ್ಬಟ್ಟು ಒತ್ತಿ ಮರೆತಿರುತ್ತಾಳೆ. ಅಲ್ಲಿಂದ ಮುಂದೆ ಪಗಾರ ಆ ಹೊಸ ಖಾತೆಗೆ ಹೋಗುತ್ತಾ ಇರುತ್ತದೆ. ಇವಳು ಮಾತ್ರ ಹಳೆಯ ಪಾಸ್‌ಬುಕ್ ಹಿಡಿದುಕೊಂಡು ಬ್ಯಾಂಕಿಗೆ ಅಲೆಯುತ್ತಾ, "ನನ್ ಪಗಾರ ನಿಂತೈತಿ" ಅಂತ ಎಲ್ಲರಿಗೂ ಹೇಳುತ್ತಾ ಇರುತ್ತಾಳೆ. ಮೈಆಧಾರ್ ವೆಬ್‌ಸೈಟಿಗೆ ಅವರ ನಂಬರ್, ಒಟಿಪಿ ಹಾಕಿ ಒಳಗೆ ಹೋದರೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಅಂತ ಕಾಣುತ್ತದೆ. ರಾಜ್ಯ ಸರ್ಕಾರದ ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಯಾವ ಯೋಜನೆಯ ಎಷ್ಟು ಹಣ ಯಾವತ್ತು ಬಿತ್ತು ಅಂತಲೂ ನೋಡಬಹುದು. ತಹಶೀಲ್ದಾರ್ ಆಫೀಸಿಗೆ ಹೋಗುವ ಮುಂಚೆ ಇವೆರಡನ್ನು ನೋಡಿದರೆ ಒಂದು ದಿನದ ಕೂಲಿ ಉಳಿಯುತ್ತದೆ. ಆಧಾರಿಗೆ ಮೊಬೈಲ್ ಜೋಡಿಸಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಇಲ್ಲದಿದ್ದರೆ ಒಟಿಪಿಯೇ ಬರುವುದಿಲ್ಲ.

ನಡೆಯಲಾಗದ ಹಿರಿಯರಿಗೆ ಅಂಚೆಯಣ್ಣನನ್ನು ಕೇಳಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆ ಮನೆಯಲ್ಲೇ ತೆರೆಯುತ್ತಾರೆ, ತಂಬ್ ತೆಗೆದುಕೊಂಡು ದುಡ್ಡೂ ಮನೆಯಲ್ಲೇ ಕೊಡುತ್ತಾರೆ.

ಪಗಾರದ ಅರ್ಜಿ

ಮುದುಕರ ಪಗಾರ, ವಿಧವಾ ಪಗಾರ, ಅಂಗವಿಕಲರ ಪಗಾರ ಎಲ್ಲಕ್ಕೂ ಬಾಗಿಲು ಒಂದೇ. ಹೋಬಳಿಯ ನಾಡಕಚೇರಿ ಅಥವಾ ಊರಿನ ಗ್ರಾಮ ಒನ್. ಅರ್ಜಿ ಅಲ್ಲಿಂದ ವಿ.ಎ. ಹತ್ತಿರ, ರೆವಿನ್ಯೂ ಇನ್‌ಸ್ಪೆಕ್ಟರ್ ಹತ್ತಿರ ಹೋಗಿ ಮಂಜೂರಾಗುತ್ತದೆ. 60 ತುಂಬಿದ ಬಡವರಿಗೆ ತಿಂಗಳಿಗೆ 800, 65 ಆದ ಮೇಲೆ 1200 ರೂಪಾಯಿ. ವಿಧವೆಯರಿಗೆ 800. ಅಂಗವಿಕಲತೆ ಶೇಕಡಾ 40 ದಾಟಿದ್ದರೆ 800, 75 ದಾಟಿದ್ದರೆ 1400. ಗಂಡ ಬಿಟ್ಟವರಿಗೆ, ಮದುವೆಯಾಗದೆ ಉಳಿದ 40 ದಾಟಿದ ಹೆಣ್ಣುಮಕ್ಕಳಿಗೆ ಮನಸ್ವಿನಿ ಇದೆ. ಇದನ್ನು ಕೇಳುವವರೇ ಕಡಿಮೆ, ಯಾಕೆಂದರೆ "ಗಂಡ ಬಿಟ್ಟಾನ" ಅಂತ ಆಫೀಸಿನಲ್ಲಿ ಹೇಳಿಕೊಳ್ಳಲು ನಾಚಿಕೆ. ಜೊತೆಗೆ ಒಬ್ಬ ಹೆಂಗಸು ಹೋದರೆ ಅವರಿಗೆ ಧೈರ್ಯ ಬರುತ್ತದೆ.

"ಗೃಹಲಕ್ಷ್ಮಿ ಬರ್ತದ, ಇನ್ನು ಪಗಾರ ಬರಂಗಿಲ್ಲ" ಅಂತ ಒಂದು ಸುದ್ದಿ ಕಟ್ಟೆ ಮೇಲೆ ಓಡಾಡುತ್ತಾ ಇರುತ್ತದೆ. ಅದು ಸುಳ್ಳು. ಎರಡೂ ಬರುತ್ತವೆ.

ಮಗು ಸೊರಗಿದ್ದರೆ

ಇದನ್ನು ಯಾರೂ ಕಷ್ಟ ಅಂತ ಎಣಿಸುವುದೇ ಇಲ್ಲ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಮ್ಮ ಜಿಲ್ಲೆಗಳಲ್ಲಿ ಸಣ್ಣ ಮಕ್ಕಳು ತೆಳ್ಳಗಿರುವುದು ಎಷ್ಟು ಮಾಮೂಲಿ ಆಗಿದೆ ಅಂದರೆ, ತೀರಾ ಸೊರಗಿದ ಮಗುವನ್ನೂ "ಅವನ ಮೈಕಟ್ಟೇ ಹಂಗ" ಅಂದುಬಿಡುತ್ತೇವೆ. ಅಂಗನವಾಡಿಯಲ್ಲಿ ಒಂದು ಬಣ್ಣದ ಪಟ್ಟಿ ಇರುತ್ತದೆ, ತೋಳಿಗೆ ಸುತ್ತಿ ಅಳೆಯುವುದು. ಆರು ತಿಂಗಳು ತುಂಬಿ ಐದು ವರ್ಷದೊಳಗಿರುವ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು. 12.5ರವರೆಗೆ ಹಳದಿ. ಕೆಂಪು ಬಂದ ಮಗುವಿಗೆ ಟಾನಿಕ್ ತಂದು ಕುಡಿಸುತ್ತಾ ಕೂರಬೇಡಿ. ಆಶಾ ಅಥವಾ ಟೀಚರ್ ಕೈಲಿ ಚೀಟಿ ಬರೆಸಿಕೊಂಡು ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಎರಡು ವಾರ ತಾಯಿ ಮಗು ಇಬ್ಬರನ್ನೂ ಅಲ್ಲೇ ಇಟ್ಟುಕೊಳ್ಳುತ್ತಾರೆ, ಊಟ, ಔಷಧ ಎಲ್ಲ ಅವರದ್ದೇ. ಕೂಲಿ ತಪ್ಪುತ್ತದೆ ಅಂತ ತಾಯಿಗೆ ದಿನಕ್ಕೆ ಇಷ್ಟು ಅಂತ ಹಣವೂ ಕೊಡುತ್ತಾರೆ.

ತಾಯಂದಿರು ಇದಕ್ಕೆ ಹಿಂದೆಮುಂದೆ ನೋಡುವುದು ಮನೆಯಲ್ಲಿರುವ ಇನ್ನೆರಡು ಮಕ್ಕಳ ಸಲುವಾಗಿ. ಆಗ ಮಾತಾಡಬೇಕಾದ್ದು ಅತ್ತೆ ಜೊತೆಗೆ, ಅವಳ ಜೊತೆಗಲ್ಲ. ಅತ್ತೆ ಒಪ್ಪಿದರೆ ಕೆಲಸ ಆದಂತೆಯೇ.

ಬಸುರಿಗೆ ತಾಯಿ ಕಾರ್ಡ್ ಬೇಗ ಮಾಡಿಸಿ. ಮುಂದಿನ ಎಲ್ಲದಕ್ಕೂ ಅದೇ ಬುಡ. ಅಂಗನವಾಡಿಯ ಮಾತೃಪೂರ್ಣ ಊಟ 2017ರಿಂದ ಇದೆ, ಅನ್ನ ಸಾರಿನ ಜೊತೆ ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಮೊದಲ ಹೆರಿಗೆಗೆ ಮಾತೃವಂದನಾದಲ್ಲಿ 5000, ಎರಡನೆಯದು ಹೆಣ್ಣಾದರೆ 6000.

ಹುಟ್ಟಿನಿಂದ ಹೃದಯದ ತೊಂದರೆ, ಸೀಳುತುಟಿ, ಕಿವಿ ಕೇಳದಿರುವುದು ಇದ್ದರೆ ಆರ್‌ಬಿಎಸ್‌ಕೆ ಅನ್ನುವ ಡಾಕ್ಟರ ತಂಡ ಅಂಗನವಾಡಿಗೂ ಶಾಲೆಗೂ ಬರುತ್ತದೆ. ಅವರು ಬರುವ ದಿನ ಮಗುವನ್ನು ಹೊಲಕ್ಕೆ ಕರೆದುಕೊಂಡು ಹೋಗಬೇಡಿ. 18 ವರ್ಷದವರೆಗೆ ಆಪರೇಷನ್‌ವರೆಗೂ ಉಚಿತ.

ಮನೆಯಲ್ಲಿ 2006ರ ಮಾರ್ಚ್ 31ರ ನಂತರ ಹುಟ್ಟಿದ ಹೆಣ್ಣುಮಗಳಿದ್ದರೆ ಟ್ರಂಕು, ಬೀರು ಎಲ್ಲ ಹುಡುಕಿ. ಭಾಗ್ಯಲಕ್ಷ್ಮಿ ಬಾಂಡ್ ಇರಬಹುದು. 18 ತುಂಬಿದವರಿಗೆ ಈಗ ಹಣ ಬರುತ್ತಿದೆ. ಎಂಟನೇ ತರಗತಿವರೆಗಾದರೂ ಓದಿರಬೇಕು, 18ರೊಳಗೆ ಮದುವೆ ಆಗಿರಬಾರದು. ಬಾಂಡ್ ಹಿಡಿದುಕೊಂಡು ಮೊದಲು ಅಂಗನವಾಡಿ ಟೀಚರ್ ಹತ್ತಿರ ಹೋಗಿ, ಅಲ್ಲಿಂದ ಸಿಡಿಪಿಒ ಆಫೀಸಿಗೆ.

ಮನೆಯ ಆಧಾರವೇ ಹೋದಾಗ

ದುಡಿಯುವವರು ಸತ್ತರೆ ಮೊದಲ ಮೂರು ದಿನದಲ್ಲಿ ಮಾಡುವ ಕೆಲಸದ ಮೇಲೆ ಮುಂದಿನ ಮೂರು ವರ್ಷ ನಿಂತಿರುತ್ತದೆ. ಆದರೆ ಆ ಮೂರು ದಿನ ಮನೆಯವರಿಗೆ ತಲೆ ಓಡುವುದಿಲ್ಲ. ಹಾಗಾಗಿ ಇದು ಪಕ್ಕದ ಮನೆಯವರ ಕೆಲಸ.

ಹಾವು ಕಚ್ಚಿ, ಕರೆಂಟ್ ಹೊಡೆದು, ಸಿಡಿಲು ಬಡಿದು, ಬಾವಿಗೆ ಬಿದ್ದು, ಟ್ರ್ಯಾಕ್ಟರ್ ಮಗುಚಿ ಸಾವಾದರೆ ಪೋಸ್ಟ್‌ಮಾರ್ಟಂ ಮಾಡಿಸಲೇಬೇಕು. "ಸತ್ತ ಹೆಣಾ ಯಾಕ ಕೊಯ್ಸೋದು, ಮಣ್ಣು ಮಾಡಿಬಿಡೋಣ" ಅಂತ ಹಿರಿಯರು ಹೇಳೇ ಹೇಳುತ್ತಾರೆ. ಸಂಕಟ ಅರ್ಥವಾಗುತ್ತದೆ. ಆದರೆ ಪೊಲೀಸ್ ದೂರು, ಪೋಸ್ಟ್‌ಮಾರ್ಟಂ ವರದಿ ಇಲ್ಲದಿದ್ದರೆ ಪರಿಹಾರ ಕೇಳಲು ಆಧಾರವೇ ಇರುವುದಿಲ್ಲ. ಹೊಲದಲ್ಲಿ ಹಾವು ಕಚ್ಚಿ ಸತ್ತ ರೈತನ ಮನೆಗೆ ಕೃಷಿ ಇಲಾಖೆಯಿಂದ 2 ಲಕ್ಷ ಬರುತ್ತದೆ. ಸಿಡಿಲು, ಹಳ್ಳದ ಪ್ರವಾಹಕ್ಕಾದರೆ ತಹಶೀಲ್ದಾರ್ ಆಫೀಸಿನಿಂದ. ಕರೆಂಟಿನದ್ದಾದರೆ ವಿದ್ಯುತ್ ಕಂಪನಿ ಜೆಸ್ಕಾಂನಿಂದ. ಎಲ್ಲರೂ ಮೊದಲು ಕೇಳುವುದು ಅದೇ ಎರಡು ಕಾಗದ.

ಸಾವನ್ನು 21 ದಿನದೊಳಗೆ ನೋಂದಾಯಿಸಿ. ತಡವಾದಷ್ಟೂ ದಂಡ, ಅಫಿಡವಿಟ್, ವರ್ಷ ದಾಟಿದರೆ ಅಧಿಕಾರಿಯ ಆದೇಶ, ಹೀಗೆ ಬೆಳೆಯುತ್ತಾ ಹೋಗುತ್ತದೆ. ಮರಣ ಪತ್ರದ ಏಳೆಂಟು ಪ್ರತಿ ತೆಗೆಸಿಟ್ಟುಕೊಳ್ಳಿ.

ಆಮೇಲೆ ತೀರಿಕೊಂಡವರ ಪಾಸ್‌ಬುಕ್ ತೆಗೆದುಕೊಂಡು ಬ್ಯಾಂಕಿನಲ್ಲಿ ಎಂಟ್ರಿ ಹಾಕಿಸಿ, ಕುಳಿತು ನಿಧಾನವಾಗಿ ಓದಿ. ವರ್ಷಕ್ಕೊಮ್ಮೆ 20 ರೂಪಾಯಿ ಕಡಿತ ಆಗಿದೆಯಾ? ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಪಘಾತದ ಸಾವಿಗೆ 2 ಲಕ್ಷ. 436 ರೂಪಾಯಿ ಕಡಿತ ಆಗಿದೆಯಾ? ಅದು ಜೀವನ ಜ್ಯೋತಿ, ಕಾಯಿಲೆಯಿಂದ ಸತ್ತರೂ 2 ಲಕ್ಷ. ಖಾತೆ ತೆರೆಯುವಾಗ ಬ್ಯಾಂಕಿನವರು ಎಲ್ಲೋ ಸಹಿ ಹಾಕಿಸಿಕೊಂಡಿರುತ್ತಾರೆ, ಮನೆಯವರಿಗೆ ಅದರ ಸುಳಿವೇ ಇರುವುದಿಲ್ಲ. ಎಷ್ಟೋ ಮನೆಗಳ ಹಣ ಹೀಗೆ ಕೇಳುವವರಿಲ್ಲದೆ ಹೋಗುತ್ತದೆ ಅಂತ ನನ್ನ ಗಟ್ಟಿ ಅನುಮಾನ. ತಡ ಮಾಡದೆ ಅದೇ ಬ್ರಾಂಚಿನಲ್ಲಿ ಕ್ಲೇಮ್ ಫಾರಂ ಕೇಳಿ.

ಸಂಘದಲ್ಲೋ ಮೈಕ್ರೋ ಫೈನಾನ್ಸಿನಲ್ಲೋ ಅವರ ಹೆಸರಲ್ಲಿ ಸಾಲ ಇದ್ದರೆ, ಕಂತು ಕಟ್ಟುವ ಮುಂಚೆ "ಈ ಸಾಲಕ್ಕೆ ವಿಮೆ ಐತೇನ್ರೀ?" ಅಂತ ಕೇಳಿ. ಬಹಳ ಸಾಲಗಳಿಗೆ ಶುರುವಿನಲ್ಲೇ ವಿಮೆ ಹಣ ಹಿಡಿದಿರುತ್ತಾರೆ. ಮನೆ ಮುಂದೆ ಬಂದು ಕೂತು ಗಲಾಟೆ ಮಾಡಿದರೆ ಪೊಲೀಸ್ ಠಾಣೆಗೆ ಹೋಗಿ. 2025ರಲ್ಲಿ ರಾಜ್ಯದಲ್ಲಿ ಇದಕ್ಕೇ ಕಾನೂನು ಬಂದಿದೆ, ಕಿರುಕುಳ ಕೊಟ್ಟರೆ ಜೈಲು ಇದೆ.

ದುಡಿಯುವವರು 60ರೊಳಗೆ ಸತ್ತ ಬಿಪಿಎಲ್ ಮನೆಗೆ ರಾಷ್ಟ್ರೀಯ ಕುಟುಂಬ ಸಹಾಯದಲ್ಲಿ 20,000 ಇದೆ, ಅದನ್ನೂ ವಿಧವಾ ಪಗಾರದ ಜೊತೆಗೇ ಕೇಳಿ. ಹೊಲ ಇದ್ದರೆ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ, ಅಂದರೆ ಸತ್ತವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಿ. "ಆಮೇಲೆ ನೋಡಿದರಾತು" ಅಂತ ಬಿಟ್ಟ ಖಾತೆಗಳೇ ಮುಂದೆ ಅಣ್ಣತಮ್ಮಂದಿರ ಜಗಳ ಆಗುವುದು.

ಇನ್ನು ಮಕ್ಕಳು. ಅಪ್ಪ ಸತ್ತ, ಅಥವಾ ಅಪ್ಪ ಬಿಟ್ಟುಹೋದ, ಅಥವಾ ತಂದೆತಾಯಿ ಇಬ್ಬರೂ ಇಲ್ಲದೆ ಅಜ್ಜಿ ಮನೆಯಲ್ಲಿರುವ ಮಗುವಿಗೆ ತಿಂಗಳಿಗೆ 4000 ರೂಪಾಯಿ ಸಿಗುವ ಪ್ರಾಯೋಜಕತ್ವ ಯೋಜನೆ ಇದೆ, ಮಿಷನ್ ವಾತ್ಸಲ್ಯದ ಕೆಳಗೆ. ಹಳ್ಳಿಯಲ್ಲಾದರೆ ಕುಟುಂಬದ ಆದಾಯ ವರ್ಷಕ್ಕೆ 72,000 ದಾಟಿರಬಾರದು. ಇದರ ಅರ್ಜಿ ಕೊಡುವುದು ಜಿಲ್ಲಾ ಕೇಂದ್ರದ ಮಕ್ಕಳ ರಕ್ಷಣಾ ಘಟಕಕ್ಕೆ, ನಾಡಕಚೇರಿಗಲ್ಲ. ಶಾಲೆಯ ವ್ಯಾಸಂಗ ಪತ್ರ, ಮರಣ ಪತ್ರ, ಆದಾಯ ಪತ್ರ, ಮಗುವಿನ ಹೆಸರಿನ ಬ್ಯಾಂಕ್ ಖಾತೆ ತೆಗೆದುಕೊಂಡು ಹೋಗಿ. ಇರುವ ಎಲ್ಲ ಯೋಜನೆಗಳಲ್ಲಿ ನನಗೆ ಬಹಳ ಬೆಲೆಯುಳ್ಳದ್ದು ಅನ್ನಿಸುವುದು ಇದೇ. ಮಗು ಹಾಸ್ಟೆಲಿಗೋ ಹೋಟೆಲ್ ಕೆಲಸಕ್ಕೋ ಹೋಗದೆ ಮನೆಯಲ್ಲೇ ಉಳಿಯುತ್ತದೆ. ಎಲ್ಲರಿಗೂ ಒಮ್ಮೆಗೇ ಸಿಗುವುದಿಲ್ಲ, ಸಮಿತಿ ಕುಳಿತು ಆರಿಸುತ್ತದೆ. ಆದರೂ ಅರ್ಜಿ ಹಾಕಿ.

ಹೊಡೆತ, ಬಡಿತ, ಬಾಲ್ಯವಿವಾಹ

ಇಲ್ಲಿ ಒಂದೇ ನಿಯಮ. ಮೊದಲು ಗುಟ್ಟು ಕಾಪಾಡಿ, ಆಮೇಲೆ ಸಹಾಯ ಮಾಡಿ.

ಗಂಡನ ಹೊಡೆತ ತಾಳಲಾರದೆ ಬಂದ ಹೆಣ್ಣುಮಗಳನ್ನು ನೇರ ಪಂಚಾಯಿತಿ ಕಟ್ಟೆಗೆ ಕರೆದುಕೊಂಡು ಹೋಗಬೇಡಿ. ಅಲ್ಲಿ ಕೂರುವವರೆಲ್ಲ ಗಂಡನ ಕಡೆಯ ಅಣ್ಣತಮ್ಮಂದಿರೇ ಆಗಿರುತ್ತಾರೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿಸಿ. ಆ ಕ್ಷಣಕ್ಕೇ ಅಪಾಯ ಇದ್ದರೆ 112. ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರ ಇದೆ. ಚಿಕಿತ್ಸೆ, ಪೊಲೀಸ್, ವಕೀಲರು, ಆಪ್ತಸಮಾಲೋಚನೆ ಒಂದೇ ಕಡೆ ಸಿಗುತ್ತದೆ, ಮಕ್ಕಳ ಜೊತೆ ಕೆಲವು ದಿನ ಉಳಿದುಕೊಳ್ಳಲೂಬಹುದು. ಪೊಲೀಸ್ ಕೇಸ್ ಬೇಡ ಅನ್ನುವವರಿಗೂ ದಾರಿ ಇದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ನಮ್ಮ ತಾಲೂಕಿನ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ. ಅವರಿಗೆ ದೂರು ಕೊಟ್ಟರೆ ವರದಿ ಬರೆದು ಕೋರ್ಟಿಗೆ ಕಳಿಸುತ್ತಾರೆ. ಎಫ್‌ಐಆರ್ ಬೇಕೇ ಬೇಕು ಅಂತಿಲ್ಲ. ಗಂಡನ ಮನೆಯಿಂದ ಅವಳನ್ನು ಹೊರಗೆ ಹಾಕುವ ಹಾಗೂ ಇಲ್ಲ.

ವಕೀಲರ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಇವರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರವೇ ವಕೀಲರನ್ನು ಕೊಡುತ್ತದೆ. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. ಫೋನಾದರೆ 15100.

ಬಾಲ್ಯವಿವಾಹಕ್ಕೆ ಮಕ್ಕಳ ಸಹಾಯವಾಣಿ 1098. ನಿಮ್ಮ ಹೆಸರು ಹೇಳಬೇಕಿಲ್ಲ. ಯಾವ ಊರು, ಯಾರ ಮನೆ, ಯಾವ ದಿನ, ಎಲ್ಲಿ, ಇಷ್ಟು ಸಾಕು. ಸಾಮೂಹಿಕ ವಿವಾಹದ ಹಂಗಾಮಿನಲ್ಲಿ ಕಣ್ಣಿಟ್ಟಿರಿ, ಗದ್ದಲದಲ್ಲಿ ಸಣ್ಣ ಹುಡುಗಿಯರನ್ನೂ ಸೇರಿಸುವುದುಂಟು. ಅಕ್ಕಿಕಾಳು ಬೀಳುವ ದಿನ ಫೋನ್ ಮಾಡುವುದಕ್ಕಿಂತ ನಿಶ್ಚಯದ ಸುದ್ದಿ ಕೇಳಿದಾಗಲೇ ಮಾಡುವುದು ಒಳ್ಳೆಯದು. ಖರ್ಚು ಆಗಿರುವುದಿಲ್ಲ, ಬೀಗರ ಮುಂದೆ ಮಾನದ ಪ್ರಶ್ನೆ ಬಂದಿರುವುದಿಲ್ಲ, ತಂದೆತಾಯಿ ಮಾತು ಕೇಳುತ್ತಾರೆ. ಕರ್ನಾಟಕದಲ್ಲಿ 2017ರಿಂದ ಇಂಥ ಮದುವೆಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ, ಆಗಿಹೋದರೂ ಆಗದಂತೆಯೇ ಲೆಕ್ಕ.

ಹಿರಿಯರು ಒಬ್ಬಂಟಿಯಾದಾಗ

ಆಸ್ತಿ ಬರೆಸಿಕೊಂಡು ಅನ್ನ ಹಾಕದ ಮಕ್ಕಳ ಕಥೆ ಯಾವ ಊರಲ್ಲಿಲ್ಲ ಹೇಳಿ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಅವರ ಹತ್ತಿರ ಅರ್ಜಿ ಕೊಡಬಹುದು. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ವಕೀಲರು ಬೇಕಿಲ್ಲ. ತಿಂಗಳಿಗೆ 10,000ದವರೆಗೆ ಜೀವನಾಂಶ ಕೊಡಿಸಬಹುದು. ರಾಯಚೂರು ಜಿಲ್ಲೆಯವರಿಗೆ ಲಿಂಗಸುಗೂರಿನಲ್ಲೂ ಒಬ್ಬರು ಎ.ಸಿ. ಇದ್ದಾರೆ.

ದಾನಪತ್ರ ಬರೆಸಲು ಹೊರಟವರಿಗೆ ಒಂದು ಮಾತು. "ನನ್ನನ್ನು ಕೊನೆತನಕ ನೋಡಿಕೊಳ್ಳಬೇಕು" ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ಆ ಒಂದು ಸಾಲು ಇದ್ದರೆ, ನೋಡಿಕೊಳ್ಳದ ಮಗನ ಹೆಸರಿನ ಪತ್ರವನ್ನು ರದ್ದು ಮಾಡಿಸುವುದು ಸುಲಭ. ಬರೆಸುವ ದಿನ ಇದನ್ನು ಹೇಳಿದರೆ ಮಗನಿಗೆ ಸಿಟ್ಟು ಬರುತ್ತದೆ. ಬರಲಿ. ಕೇಳಿ ತಿಳಿದುಕೊಳ್ಳಲು ಹಿರಿಯರ ಸಹಾಯವಾಣಿ 14567 ಇದೆ.

ಅಂಗವಿಕಲರು, ಮನಸ್ಸಿನ ಕಾಯಿಲೆಯವರು

ಮೊದಲ ಕೆಲಸ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ವಿ.ಆರ್.ಡಬ್ಲ್ಯು. ಅರ್ಜಿ ಹಾಕಿಕೊಡುತ್ತಾರೆ, ಜಿಲ್ಲಾಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ ಶೇಕಡಾವಾರು ಬರೆಯುತ್ತಾರೆ. 2016ರ ಕಾಯ್ದೆ ಬಂದ ಮೇಲೆ 21 ಬಗೆಯ ಅಂಗವಿಕಲತೆಗಳು ಪಟ್ಟಿಯಲ್ಲಿವೆ. ಕುಷ್ಠ ಗುಣವಾದವರು, ಸಿಕಲ್ ಸೆಲ್, ತಲಸ್ಸೇಮಿಯಾ ಇರುವವರು, ಮಾನಸಿಕ ಕಾಯಿಲೆಯವರು ಎಲ್ಲಾ ಸೇರುತ್ತಾರೆ. ಪಂಚಾಯಿತಿಯ ಸ್ವಂತ ಹಣದಲ್ಲಿ ಶೇಕಡಾ 5 ಅಂಗವಿಕಲರಿಗೇ ಖರ್ಚು ಮಾಡಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು "ಈ ವರ್ಷದ ಶೇಕಡಾ ಐದು ಎಲ್ಲಿ ಹೋತ್ರೀ?" ಅಂತ ಕೇಳಿ ನೋಡಿ. ಸಭೆ ಒಮ್ಮೆ ಗಪ್‌ಚಿಪ್ ಆಗುತ್ತದೆ.

ಮನಸ್ಸಿನ ಕಾಯಿಲೆ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಹೆಮ್ಮೆ ಇದೆ. ಹಳ್ಳಿ ಮಟ್ಟದಲ್ಲೇ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅಂಥಾ ಜಾಗದಲ್ಲಿದ್ದುಕೊಂಡು ಇನ್ನೂ ದೆವ್ವ ಬಿಡಿಸಲು ಊರೂರು ಅಲೆಯುತ್ತೇವೆ. ದೇವರಿಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ದೇವರಿಗೂ ಹೋಗಿ, ಗುಳಿಗೆನೂ ನುಂಗಿಸಿ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ಆಶಾ ಕೇಳಿ ಹೇಳುತ್ತಾರೆ. ಫೋನಿನಲ್ಲೇ ಮಾತಾಡಬೇಕಾದರೆ ಟೆಲಿಮನಸ್ 14416, ಹಗಲು ರಾತ್ರಿ, ಕನ್ನಡದಲ್ಲೇ.

ಯಾರಾದರೂ ಎಣ್ಣೆ ಕುಡಿದಿದ್ದರೆ, ಅಂದರೆ ಬೆಳೆಗೆ ಹೊಡೆಯುವ ವಿಷ, ಕೇಸ್ ಆಗುತ್ತದೆ ಅಂತ ಹೆದರಿ ಮನೆಯಲ್ಲೇ ಇಟ್ಟುಕೊಳ್ಳಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಬದುಕಿ ಉಳಿದವರನ್ನು ಜೈಲಿಗೆ ಹಾಕುವ ಕಾಲ ಹೋಗಿದೆ.

ಗುಳೆ ಹೋಗುವ ಮುಂಚೆ

ದಸರಾ, ದೀಪಾವಳಿ ಮುಗಿಸಿ ಬೆಂಗಳೂರು, ಮಂಗಳೂರು, ಗೋವಾ, ಪುಣೆ ಕಡೆ ದುಡಿಮೆಗೆ ಹೊರಡುವವರು ರೇಷನ್ ಕಾರ್ಡನ್ನು ಅತ್ತೆ ಹತ್ತಿರ ಇಟ್ಟು ಹೋಗುವುದು ವಾಡಿಕೆ. ಇಡಲಿ, ಆದರೆ ನಂಬರ್ ಫೋಟೋ ಹೊಡೆದುಕೊಳ್ಳಿ. ಒಂದು ದೇಶ ಒಂದು ರೇಷನ್ ಬಂದ ಮೇಲೆ ಗೋವಾದ ಅಂಗಡಿಯಲ್ಲೂ ತಂಬ್ ಕೊಟ್ಟು ನಿಮ್ಮ ಪಾಲು ತೆಗೆದುಕೊಳ್ಳಬಹುದು. ಮನೆಯ ಎಲ್ಲರ ಇ-ಕೆವೈಸಿ ಮುಗಿಸಿಕೊಂಡೇ ಹೊರಡಿ. ಊರಲ್ಲಿ ಇಲ್ಲದವರ ಹೆಸರು ಕಾರ್ಡಿನಿಂದ ಬಿದ್ದುಹೋಗುವುದು ಇದರಿಂದಲೇ.

ಬಸುರಿ ಜೊತೆಗಿದ್ದರೆ ತಾಯಿ ಕಾರ್ಡ್, ಮಗು ಇದ್ದರೆ ಲಸಿಕೆ ಕಾರ್ಡ್ ಒಯ್ಯಿರಿ. ಹೋದ ಊರಿನ ಅಂಗನವಾಡಿಯಲ್ಲೂ ಕೇಳಬಹುದು, ನೀವು ಅಲ್ಲಿಯ ವೋಟರ್ ಆಗಬೇಕಿಲ್ಲ. ಶಾಲೆಗೆ ಹೋಗುವ ಮಕ್ಕಳನ್ನು ಬಿಟ್ಟು ಹೋಗಬೇಕಾದರೆ ಹೆಡ್‌ಮಾಸ್ಟರನ್ನು ಮೊದಲೇ ಕೇಳಿ, ಗುಳೆ ಹೋಗುವವರ ಮಕ್ಕಳಿಗೆ ಹಂಗಾಮಿನ ವಸತಿ ವ್ಯವಸ್ಥೆ ಎಲ್ಲಾದರೂ ಇದ್ದರೆ ಅವರಿಗೆ ಗೊತ್ತಿರುತ್ತದೆ. ಕಟ್ಟಡ ಕೆಲಸಕ್ಕೆ ಹೋಗುವವರು ವರ್ಷಕ್ಕೆ 90 ದಿನ ಕೆಲಸ ಮಾಡಿದ ಪುರಾವೆ ಮೇಸ್ತ್ರಿಯಿಂದ ಬರೆಸಿಕೊಂಡು ಕಾರ್ಮಿಕ ಮಂಡಳಿಯ ಕಾರ್ಡ್ ಮಾಡಿಸಿ. ಮಕ್ಕಳ ಸ್ಕಾಲರ್‌ಶಿಪ್, ಹೆರಿಗೆ, ಮದುವೆ, ಅಪಘಾತ ಎಲ್ಲದಕ್ಕೂ ಅದರಲ್ಲಿ ನೆರವಿದೆ. ಕೂಲಿ ಕೊಡದೆ ಸತಾಯಿಸಿದರೆ ಕಾರ್ಮಿಕ ಸಹಾಯವಾಣಿ 155214.

ಆಫೀಸಿನಲ್ಲಿ ಹೇಗಿರಬೇಕು

ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಇಲ್ಲದೆ ಹೊರಗೆ ಬರಬೇಡಿ. ಸಕಾಲ ಕಾಯ್ದೆಯಲ್ಲಿ (ಇಷ್ಟು ದಿನದೊಳಗೆ ಸೇವೆ ಕೊಡಲೇಬೇಕು ಅನ್ನುವ ಕಾಯ್ದೆ) ಬರುವ ಸೇವೆಗಳಿಗೆ 15 ಅಂಕಿಯ ನಂಬರ್ ಕೊಡುತ್ತಾರೆ, ಎಷ್ಟು ದಿನದಲ್ಲಿ ಮುಗಿಯಬೇಕು ಅಂತಲೂ ಇರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕಿದೆ. 20 ರೂಪಾಯಿಗಾಗಿ ಯಾರೂ ಹೋಗುವುದಿಲ್ಲ ನಿಜ. ಆದರೆ "ಸಕಾಲದಾಗ ಮೇಲ್ಮನವಿ ಹಾಕ್ತೀವ್ರೀ" ಅಂದ ಕೂಡಲೇ ಕಡತ ಎದ್ದು ಕೂರುವುದನ್ನು ಯಾರು ಬೇಕಾದರೂ ನೋಡಬಹುದು. ಚೀಟಿ ಕೊಡದ ಅರ್ಜಿಯನ್ನು ಎರಡು ಪ್ರತಿ ಬರೆದು, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ತಿರಸ್ಕಾರ ಆದರೆ ಕಾರಣವನ್ನು ಬರಹದಲ್ಲಿ ಕೇಳಿ. "ಸರ್ವರ್ ಇಲ್ಲ" ಅನ್ನುವುದು ಕಾರಣ ಅಲ್ಲ.

ಆಫೀಸಿನ ಮುಂದೆ ಝೆರಾಕ್ಸ್ ಅಂಗಡಿ ಪಕ್ಕ ನಿಂತಿರುವ ದಲ್ಲಾಳಿಗಳು ಕೆಲಸ ಮಾಡಿಸುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮಾಡಿಸುತ್ತಾರೆ. ಆದರೆ ಪಗಾರ ಮಂಜೂರಾಗಲು ಮೂರ್ನಾಲ್ಕು ತಿಂಗಳ ಪಗಾರವನ್ನೇ ಕೊಟ್ಟ ಅಜ್ಜಿಗೆ ಉಳಿದದ್ದೇನು? ಆಧಾರ್ ಮತ್ತು ಮೊಬೈಲನ್ನು ಅಂಥವರ ಕೈಗೆ ಕೊಟ್ಟು ಚಹಾ ಕುಡಿಯಲು ಹೋಗಬೇಡಿ, ಒಟಿಪಿ ಅವರೇ ನೋಡಿಕೊಳ್ಳುತ್ತಾರೆ.

ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಉಚಿತ. ಹಾಗಾಗಿ ಗಂಡನೋ ಮೈದುನನೋ ಬಿಡುವಾಗುವ ತನಕ ಕಾಯದೆ, ಸಂಘದ ಇಬ್ಬರು ಮೂವರು ಸೇರಿ ತಾಲೂಕಿಗೆ ಹೋಗಿಬನ್ನಿ. ಸೋಮವಾರ ಆಫೀಸು ತುಂಬಿರುತ್ತದೆ, ಸಂತೆಯ ದಿನವೂ ಅಷ್ಟೇ. ಮಧ್ಯಾಹ್ನ ಸಾಹೇಬರು ಮೀಟಿಂಗಿಗೆ ಹೋಗುತ್ತಾರೆ, ಬೆಳಿಗ್ಗೆಯೇ ಹೋಗಿ. ಎಲ್ಲಾ ಮಾಡಿಯೂ ಕಡತ ಅಲ್ಲಾಡದಿದ್ದರೆ 1902ಕ್ಕೆ ಫೋನ್ ಮಾಡಿ ಜನಸ್ಪಂದನದಲ್ಲಿ ದೂರು ಬರೆಸಿ. ಅರ್ಜಿ ನಂಬರ್, ಕೊಟ್ಟ ದಿನ, ಯಾವ ಆಫೀಸು ಅಂತ ಹೇಳಿದರೆ ಸಾಕು. ದೂರಿನ ನಂಬರನ್ನು ಅದೇ ಸ್ವೀಕೃತಿ ಚೀಟಿಯ ಹಿಂದೆ ಬರೆದಿಟ್ಟುಕೊಳ್ಳಿ.